ಹಿಂಡದೆ ಒಣಹಾಕಿದ ಗಾಳಿ



ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗಲೆಲ್ಲ ಅಡಿಗೆಯ ಬಗ್ಗೆಯೋ ಊರಿನ ದೀಪಾವಳಿಯ ಬಗ್ಗೆಯೋ ನಾಲ್ಕು ಪುಟ ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಈ ಸಲ ಗಾಳಿ ಒಣಗಿಸುವುದರ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ಬಟ್ಟೆ ಒಣಗಿಸುವುದು ಗೊತ್ತು, ಸಂಡಿಗೆ ಒಣಗಿಸುವುದು ಗೊತ್ತು, ಗಾಳಿಯನ್ನೇ ಒಣಗಿಸುವುದೆಂದರೇನು ಎಂದು ನಾನೂ ಒಮ್ಮೆ ನಕ್ಕವಳೇ. ಆ ನಗುವಿಗೆ ನಾಲ್ಕು ಬಳೆ ಅಡವಿಡಬೇಕಾಯಿತು.

ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಇಂಗ್ಲಿಷ್ ಓದಿ ಬಿ.ಎ. ಮುಗಿಸಿ, 1993ರಲ್ಲಿ ಮದುವೆಯಾಗಿ ಟಿ. ನಗರಕ್ಕೆ ಬಂದೆ. ಆಗಿನ್ನೂ ಈ ಊರು ಮದರಾಸು. ಬಂದ ಮೊದಲ ವಾರವೇ ಉಪ್ಪಿನ ಡಬ್ಬಿಯಲ್ಲಿ ನೀರು ಕಂಡು ಗಾಬರಿಯಾದೆ. ಅತ್ತೆಯವರು ಅದಕ್ಕೆ ನಾಲ್ಕು ಕಾಳು ಅಕ್ಕಿ ಹಾಕಿ, "ಈ ಊರಿನ ಗಾಳಿ ಹಿಂಡಿದರೆ ನೀರು ಬರುತ್ತಮ್ಮ" ಎಂದರು. ತಮಾಷೆಗೆ ಹೇಳಿದರೆಂದುಕೊಂಡೆ. ಅದು ಅಕ್ಷರಶಃ ನಿಜವೆಂದು ತಿಳಿಯಲು ಹತ್ತೊಂಬತ್ತು ವರ್ಷ ಹಿಡಿಯಿತು.

ನಮ್ಮವರಿಗೆ ಅಂಬತ್ತೂರು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಬಾಡಿಗೆ ಷೆಡ್ಡು. 1964ರಲ್ಲಿ ಶುರುವಾದ ಎಸ್ಟೇಟು ಅದು. ನಿಮ್ಮಲ್ಲಿ ಅನೇಕರ ಅಪ್ಪಂದಿರು, ಅಜ್ಜಂದಿರು ಅಲ್ಲಿಯ ಯಾವುದಾದರೊಂದು ಗೇಟಿನೊಳಗೆ ಬದುಕು ಸವೆಸಿದವರೇ. ಟಿ. ನಗರದ ಮನೆಯಿಂದ ಬೆಳಿಗ್ಗೆ ಏಳಕ್ಕೆ ಸ್ಕೂಟರಿನಲ್ಲಿ ಹೊರಟರೆ ರಾತ್ರಿ ಊಟದ ಹೊತ್ತಿಗೇ ಅವರು ಮರಳುವುದು. ವಾಹನಗಳ ಸಣ್ಣ ಬಿಡಿಭಾಗಗಳಿಗೆ ಪೌಡರ್ ಕೋಟಿಂಗ್ ಮಾಡುವುದು ಕೆಲಸ. ಬಣ್ಣದ ಪುಡಿಯನ್ನು ಒತ್ತಡದ ಗಾಳಿಯಿಂದ ಲೋಹದ ಮೇಲೆ ಊದಿ, ಆಮೇಲೆ ಒಲೆಯಲ್ಲಿ ಬೇಯಿಸುತ್ತಾರೆ. ಗನ್ನು, ತಿರುಪು ಬಿಗಿಯುವ ಉಪಕರಣ, ಧೂಳು ಹಾರಿಸುವ ಪೈಪು, ಎಲ್ಲಕ್ಕೂ ಗಾಳಿಯೇ ಬೇಕು. ಆ ಗಾಳಿ ಕೊಡುವುದು ಮೂಲೆಯಲ್ಲಿ ಗುರುಗುಡುವ ನಲವತ್ತು ಎಚ್.ಪಿ. ಕಂಪ್ರೆಸರ್. ಲೆಕ್ಕದ ಪುಸ್ತಕ ಬರೆಯುವುದು ಮಾತ್ರ ಮದುವೆಯಾದ ವರ್ಷದಿಂದ ನನ್ನ ಪಾಲಿನ ಕೆಲಸ.

ಕಂಪ್ರೆಸರ್ ಎಂದರೆ ಕನ್ನಡದವರಿಗೆ ದೂರದ ಮಾತು ಎಂದುಕೊಳ್ಳಬೇಡಿ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ ಡ್ರಿಲ್ಲುಗಳು ಓಡಿದ್ದು ಒತ್ತಡದ ಗಾಳಿಯಿಂದಲೇ. ಪುಣೆಯಲ್ಲಿ 1958ರಲ್ಲಿ ಶುರುವಾಗಿ ಕಂಪ್ರೆಸರ್ ಮಾಡುತ್ತಿರುವ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಇದೆಯಲ್ಲ, ಆ ಮನೆತನದ ಉದ್ಯಮಕ್ಕೆ ಅಡಿಪಾಯ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಈಗ ಕಥೆಗೆ ಬರುತ್ತೇನೆ. 2010ರ ಕಾರ್ತೀಕದ ಮಳೆಯಲ್ಲಿ ನಮ್ಮ ದೊಡ್ಡ ಗಿರಾಕಿಯೊಬ್ಬರು ಎರಡು ಲಾಟು ಮಾಲು ವಾಪಸ್ಸು ಕಳಿಸಿದರು. ಬಣ್ಣದ ಮೇಲೆ ಸೂಜಿಮೊನೆಯಷ್ಟು ತೂತುಗಳು, ಅಲ್ಲಲ್ಲಿ ಗುಳ್ಳೆಗಳು. ಗಾಳಿಯ ಜೊತೆ ನೀರು ಬರುತ್ತಿದೆ ಎಂದು ಎಲ್ಲರಿಗೂ ಕಂಡಿತು. ಡ್ರೈಯರ್ ಮಾರುವವರೊಬ್ಬರು ಹೊಳೆಯುವ ಕಾಗದದ ಪುಸ್ತಿಕೆ ತಂದು ತೋರಿಸಿದರು. ಎರಡು ಕಬ್ಬಿಣದ ಗೋಪುರ, ಅದರೊಳಗೆ ನೀರು ಹೀರುವ ಬಿಳಿ ಗುಂಡುಗಳು, ಗಾಳಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನವರೆಗೂ ಒಣಗಿರುತ್ತದೆ ಎಂಬ ಭರವಸೆ. ನಮ್ಮವರು ಬೆಲೆ ನೋಡಿ ಹಿಂದೆಗೆದರು. "ತರುವುದಾದರೆ ಒಳ್ಳೆಯದನ್ನೇ ತನ್ನಿ, ಮತ್ತೆ ಮತ್ತೆ ಮಾಲು ವಾಪಸ್ಸು ಬಂದರೆ ಮರ್ಯಾದೆ ಏನು ಉಳಿಯುತ್ತದೆ?" ಎಂದವಳು ನಾನೇ. ಚಿನ್ನ ಕೊಳ್ಳಲು ತಮಿಳುನಾಡಿಗೆ ತಮಿಳುನಾಡೇ ನಮ್ಮ ಉಸ್ಮಾನ್ ರಸ್ತೆಗೆ ಬರುತ್ತದೆ. ನಾನು ಅದೇ ಜನಜಂಗುಳಿಯಲ್ಲಿ, ಚೀಲವನ್ನು ಎದೆಗವಚಿಕೊಂಡು, ತವರಿನ ಬಳೆಗಳನ್ನು ಅಡವಿಡಲು ನಡೆದೆ.

ಡ್ರೈಯರ್ ಬಂತು. ಗುಳ್ಳೆಗಳು ಹೋದವು. ಎಲ್ಲರಿಗೂ ಸಮಾಧಾನವಾಯಿತು. ಆದರೆ ಕರೆಂಟಿನ ಬಿಲ್ಲು ಮಾತ್ರ ಏರಿತು. ಕೆಲಸ ಹೆಚ್ಚಿದ್ದಕ್ಕೆ ಇರಬೇಕು ಎಂದುಕೊಂಡೆವು. ಮುಂದಿನ ವರ್ಷ ಕೆಲಸ ಕಡಿಮೆಯಾಯಿತು, ಬಿಲ್ಲು ಇಳಿಯಲಿಲ್ಲ. 2012 ಬಂತು. ತಮಿಳುನಾಡಿನಲ್ಲಿ ಆ ವರ್ಷದ ಕರೆಂಟ್ ಕಡಿತ ನಿಮಗೆ ಮಸುಕಾಗಿ ನೆನಪಿರಬಹುದು. ಮೋಂಬತ್ತಿಯ ಬೆಳಕಿನಲ್ಲಿ ಹೋಂವರ್ಕ್ ಮಾಡಿದವರು ನಿಮ್ಮಲ್ಲೂ ಇದ್ದೀರಿ. ಚೆನ್ನೈಯಲ್ಲಿ ಕಡಿಮೆ, ಹೊರ ಜಿಲ್ಲೆಗಳಲ್ಲಿ ಹಗಲಿನ ಅರ್ಧಕ್ಕರ್ಧ ಕರೆಂಟಿಲ್ಲ. ಇಲ್ಲದ ಹೊತ್ತಿಗೆ ಡೀಸೆಲ್ ಜನರೇಟರ್. ಒಂದು ರಾತ್ರಿ ನಮ್ಮವರು ತಟ್ಟೆಯ ಮುಂದೆ ಸುಮ್ಮನೆ ಕೂತು, "ಮೇಸ್ತ್ರಿಗೆ ಹೇಳಿಬಿಟ್ಟೆ, ದೀಪಾವಳಿ ಬೋನಸ್ ತಗೊಂಡು ಬೇರೆ ಕಡೆ ನೋಡಿಕೊ ಅಂತ" ಎಂದರು.

ಮೇಸ್ತ್ರಿ ಡೆಂಕಣಿಕೋಟೆಯ ಕಡೆಯವನು. ಮನೆಮಾತು ಕನ್ನಡ. ನಮ್ಮಲ್ಲಿ ಹದಿನಾಲ್ಕು ವರ್ಷ ದುಡಿದವನು, ನನ್ನನ್ನು "ಅಕ್ಕಾ" ಎನ್ನುವವನು. ಅವನ ಮಗಳು ಆಗ ಹತ್ತನೇ ತರಗತಿ. ನನಗೆ ಅನ್ನ ಇಳಿಯಲಿಲ್ಲ. ನಮ್ಮವರಿಗಂತೂ ಮೊದಲೇ ಇಳಿದಿರಲಿಲ್ಲ.

ಆ ವಾರವೇ ನಾದಿನಿಯ ಮಗಳು ಮನೆಗೆ ಬಂದಳು. ಇಲ್ಲೇ ಚೆನ್ನೈಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ. ನಿಮ್ಮ ಹಾಗೆಯೇ ಹುಡುಗಿ: ಇಲ್ಲೇ ಹುಟ್ಟಿದವಳು, ಮಾತಿನಲ್ಲಿ ಅರ್ಧ ತಮಿಳು, ಕಾಲು ಇಂಗ್ಲಿಷು, ಉಳಿದ ಕಾಲು ನಮ್ಮ ಮನೆಗೆ ಬಂದಾಗ ಮಾತ್ರ ಹೊರಬರುವ ಕನ್ನಡ. ಓದಲು ಬರೆಯಲು ಬಾರದು. "ಅತ್ತೆ, ಮಾವನ ಷೆಡ್‌ನಲ್ಲಿ ಒಂದು ಪ್ರಾಜೆಕ್ಟ್ ಮಾಡ್ಲಾ?" ಎಂದಳು. ಮಾವನಿಗೆ ಉತ್ಸಾಹವಿರಲಿಲ್ಲ. ನಾನು ಊಟದ ಡಬ್ಬಿ ಕಟ್ಟಿಕೊಂಡು ಅವಳ ಜೊತೆ ಹೊರಟೆ; ಷೆಡ್ಡಿಗೆ ಆಯುಧಪೂಜೆ ಬಿಟ್ಟು ಬೇರೆ ದಿನ ನಾನು ಹೋದದ್ದು ಅದೇ ಮೊದಲು.

ಅಲ್ಲಿ ನನಗೆ ಮೊದಲು ಕೇಳಿಸಿದ್ದು ನಿಟ್ಟುಸಿರು. ನಾಲ್ಕೈದು ನಿಮಿಷಕ್ಕೊಮ್ಮೆ ಡ್ರೈಯರ್ "ಬುಸ್ಸ್" ಎನ್ನುತ್ತದೆ. ನಡುವೆಯೂ ಸಣ್ಣಗೆ ಸುಯ್ಯೆನ್ನುತ್ತಲೇ ಇರುತ್ತದೆ. ಊಟದ ಬಿಡುವಿನಲ್ಲಿ ಗನ್ನುಗಳೆಲ್ಲ ಕೆಳಗಿದ್ದಾಗಲೂ ಅದೇ ಬುಸ್ಸ್. "ಯಾರೂ ಕೆಲಸ ಮಾಡ್ತಿಲ್ಲ, ಇದು ಯಾರಿಗಾಗಿ ಉಸಿರು ಬಿಡ್ತಿದೆ?" ಎಂದು ಕೇಳಿದೆ. ಹುಡುಗಿ ನನ್ನ ಮುಖ ನೋಡಿ, ಬರೆಯುತ್ತಿದ್ದ ಪುಸ್ತಕ ಮುಚ್ಚಿ, "ಅತ್ತೆ, ಅದೇ ಕ್ವೆಶ್ಚನ್" ಎಂದಳು.

ಅವಳು ಹೇಳಿದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ. ಎರಡು ಗೋಪುರಗಳಲ್ಲಿ ಒಂದು ಗಾಳಿಯನ್ನು ಒಣಗಿಸುತ್ತಿರುವಾಗ, ಇನ್ನೊಂದರ ಒದ್ದೆ ಗುಂಡುಗಳನ್ನು ಒಣಗಿಸಬೇಕಲ್ಲ? ಅದಕ್ಕೆ ಬಳಸುವುದು ಅದೇ ತಾನೇ ಒಣಗಿಸಿದ ಗಾಳಿಯ ಒಂದು ಪಾಲನ್ನು. ಯಂತ್ರದ ಪೂರ್ಣ ಸಾಮರ್ಥ್ಯದ ನೂರರಲ್ಲಿ ಹದಿನೈದು ಭಾಗದಷ್ಟು ಗಾಳಿ ಹೀಗೆ ಗುಂಡುಗಳ ನಡುವೆ ಹಾದು ಹೊರಗೆ ಹೋಗುತ್ತದೆ. ಹೊತ್ತಾಗುತ್ತಲೇ ಗೋಪುರಗಳು ಪಾಳಿ ಬದಲಿಸುತ್ತವೆ. ಬದಲಿಸುವುದು ಗಡಿಯಾರ ನೋಡಿ, ಗುಂಡು ಒದ್ದೆಯಾಗಿದೆಯೋ ಇಲ್ಲವೋ ನೋಡಿ ಅಲ್ಲ. ಷೆಡ್ಡಿನಲ್ಲಿ ಅರ್ಧ ಕೆಲಸವಿರಲಿ, ಕಾಲು ಕೆಲಸವಿರಲಿ, ಹೊರಗೆ ಬಿಡುವ ಪಾಲು ಅಷ್ಟೇ. ಹಗ್ಗದ ಮೇಲೆ ಬಟ್ಟೆಯೇ ಇಲ್ಲದಿದ್ದರೂ ಇಸ್ತ್ರಿ ಪೆಟ್ಟಿಗೆ ಕಾಯಿಸುತ್ತ ಕೂತ ಹಾಗೆ.

ಆ ಗಾಳಿಯೇನೂ ಬಿಟ್ಟಿ ಬಂದದ್ದಲ್ಲ. ಇಂಧನ ಸಂರಕ್ಷಣಾ ಕಾಯಿದೆ 2001ರಲ್ಲಿ ಆದ ಮೇಲೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಎಂಬ ಸರಕಾರಿ ಸಂಸ್ಥೆ ಬಂತು. ಅವರು ಎನರ್ಜಿ ಆಡಿಟರ್ ಪರೀಕ್ಷೆಗೆಂದು ಹೊರತಂದ ಪುಸ್ತಕವನ್ನು ಹುಡುಗಿ ನನ್ನ ಕೈಗಿಟ್ಟಳು. ಬಿ.ಎ.ಯಲ್ಲಿ ಷೇಕ್ಸ್‌ಪಿಯರ್ ಓದಿದ ಇಂಗ್ಲಿಷು ಇಲ್ಲಿ ಉಪಯೋಗಕ್ಕೆ ಬಂದದ್ದು ನನಗೇ ಆಶ್ಚರ್ಯ. ಕಂಪ್ರೆಸರಿಗೆ ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಪಾಲು ಮಾತ್ರ ಕೆಲಸದ ಜಾಗಕ್ಕೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ ಎಂದು ಅದರಲ್ಲಿತ್ತು. ಕೋಷ್ಟಕವೊಂದರಲ್ಲಿ, ಗಂಟೆಗೆ ಸಾವಿರ ಘನ ಮೀಟರ್ ಗಾಳಿ ಒಣಗಿಸಲು ಯಾವ ಡ್ರೈಯರಿಗೆ ಎಷ್ಟು ಕರೆಂಟು ಎಂದು ಕೊಟ್ಟಿದ್ದರು: ನಮ್ಮಲ್ಲಿದ್ದಂಥ, ಒಣಗಾಳಿ ಊದಿ ಗುಂಡು ಒಣಗಿಸುವ ಬಗೆಗೆ ಸುಮಾರು 20.7 ಕಿಲೋವ್ಯಾಟ್, ಫ್ರಿಜ್ಜಿನಂತೆ ಗಾಳಿಯನ್ನು ತಣ್ಣಗೆ ಮಾಡಿ ನೀರಿಳಿಸುವ ಬಗೆಗೆ 2.9. ನಮ್ಮ ಕಂಪ್ರೆಸರ್ ಗಂಟೆಗೆ 300 ಘನ ಮೀಟರಿನದು. ಲೆಕ್ಕದ ಪುಸ್ತಕದ ಹಿಂಬದಿಯಲ್ಲೇ ಗುಣಿಸಿದೆ. ಒಂದಕ್ಕೆ ಆರು ಕಿಲೋವ್ಯಾಟ್, ಇನ್ನೊಂದಕ್ಕೆ ಒಂದೂ ಇಲ್ಲ. ವ್ಯತ್ಯಾಸ ಐದು ಎಂದಿಟ್ಟುಕೊಂಡರೂ ಎರಡು ಪಾಳಿಯ ಹದಿನಾರು ಗಂಟೆಗೆ 80 ಯೂನಿಟ್. ನಮ್ಮ ಟಿ. ನಗರದ ಮನೆಗೆ ಎರಡು ತಿಂಗಳಿಗೆ ಬರುತ್ತಿದ್ದ ರೀಡಿಂಗ್ 400ರ ಸುತ್ತಮುತ್ತ. ಮನೆಯ ಎರಡು ತಿಂಗಳ ಕರೆಂಟನ್ನು ಆ ಗೋಪುರಗಳು ಐದು ದಿನಕ್ಕೆ ಊದಿಬಿಡುತ್ತಿದ್ದವು. ತಿಂಗಳಿಗೆ ಎಷ್ಟು ರೂಪಾಯಿ ಎಂದು ಗುಣಿಸಿ ನೋಡಿದಾಗ ಕೈ ನಿಂತಿತು. ಮೇಸ್ತ್ರಿಯ ಸಂಬಳಕ್ಕೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ.

ಆದರೆ ಡ್ರೈಯರ್ ತೆಗೆದರೆ ಮತ್ತೆ ಗುಳ್ಳೆ ಬರುವುದಿಲ್ಲವೇ? ಅಂದು ಹುಡುಗಿಯನ್ನು ಕೇಳಿದ್ದು ಅದನ್ನೇ. ಅವಳು ಡ್ರೈಯರನ್ನು ಬಿಟ್ಟು ಅದಕ್ಕಿಂತ ಮುಂಚಿನ ಪೈಪುಗಳನ್ನು ನೋಡತೊಡಗಿದಳು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಂಪ್ರೆಸರ್ ಎಂಟು ಲೋಟದ ಗಾಳಿಯನ್ನು ಒಂದು ಲೋಟಕ್ಕೆ ತುರುಕುತ್ತದೆ. ಎಂಟು ಲೋಟದಲ್ಲಿದ್ದ ತೇವವೂ ಅದೇ ಒಂದು ಲೋಟಕ್ಕೆ ಬಂತು. ತುರುಕುವಾಗ ಗಾಳಿ ಸುಡುವಷ್ಟು ಬಿಸಿಯಾಗುವುದರಿಂದ ತೇವ ಆವಿಯಾಗಿಯೇ ಉಳಿಯುತ್ತದೆ. ತಣ್ಣಗಾದ ಕೂಡಲೇ ನೀರಾಗಿ ಇಳಿಯುತ್ತದೆ. ಅದಕ್ಕೇ ಕಂಪ್ರೆಸರಿನ ಪಕ್ಕದಲ್ಲಿ ಗಾಳಿಯನ್ನು ತಣಿಸುವ ಕೂಲರು, ಕೆಳಗೆ ನೀರು ಬಿಡುವ ಒಂದು ಕವಾಟ. ಚೆನ್ನೈಯ ಮಳೆಗಾಲದಲ್ಲಿ, 30 ಡಿಗ್ರಿ ಬಿಸಿಲು, ನೂರಕ್ಕೆ ಎಂಬತ್ತು ತೇವ ಇದ್ದಾಗ, ನಮ್ಮಂಥ ಕಂಪ್ರೆಸರ್ ಗಂಟೆಗೆ ಏಳು ಲೀಟರ್ ನೀರನ್ನು ಗಾಳಿಯ ಜೊತೆ ಒಳಗೆಳೆದುಕೊಳ್ಳುತ್ತದೆ. ಗಾಳಿಯನ್ನು 40 ಡಿಗ್ರಿಯವರೆಗೆ ತಣಿಸಿದರೇ ಸಾಕು, ಅದರಲ್ಲಿ ಮುಕ್ಕಾಲು ಪಾಲು ಕೆಳಗಿಳಿಯುತ್ತದೆ. ದಿನಕ್ಕೆ ಐದಾರು ಕೊಡ ನೀರು! 2019ರ ಬೇಸಿಗೆಯಲ್ಲಿ ಕೆರೆಗಳು ಬತ್ತಿ ನಾವೆಲ್ಲ ಲಾರಿ ಹಿಂದೆ ಕೊಡ ಹಿಡಿದು ಓಡಿದಾಗ ನನಗೆ ಈ ಲೆಕ್ಕವೇ ನೆನಪಾಗುತ್ತಿತ್ತು. ಎಣ್ಣೆ ಬೆರೆತ ನೀರು, ಯಾವುದಕ್ಕೂ ಬಾರದು, ಅದು ಬೇರೆ ಮಾತು.

ನಮ್ಮ ಕೂಲರಿನ ರೆಕ್ಕೆಗಳ ಸಂದಿಯಲ್ಲಿ ಬಣ್ಣದ ಪುಡಿಯೂ ಧೂಳೂ ಸೇರಿ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಗಾಳಿ ತಣಿಯುತ್ತಲೇ ಇರಲಿಲ್ಲ. ನೀರು ಬಿಡುವ ಕವಾಟ ತುಕ್ಕು ಹಿಡಿದು ಮುಚ್ಚಿಕೊಂಡೇ ಕೂತಿತ್ತು. ಮೇಸ್ತ್ರಿ ಸ್ಪ್ಯಾನರ್ ತಂದು ಬಿಚ್ಚಿದ. ಕಂದು ಬಣ್ಣದ ನೀರು ಚಿಮ್ಮಿ ನನ್ನ ಸೀರೆಯ ಅಂಚಿನವರೆಗೂ ಹಾರಿತು. ಎಷ್ಟು ವರ್ಷದ ನೀರೋ!

2010ರಲ್ಲಿ ನಮ್ಮ ಮಾಲು ಕೆಡಿಸಿದ್ದು ಈ ಕವಾಟ. ನಾವು ಅದನ್ನು ನೋಡದೆ, ಮುಂದೆ ಒಂದು ದುಬಾರಿ ಯಂತ್ರ ಕೂರಿಸಿ, ಆ ನೀರನ್ನೆಲ್ಲ ಗುಂಡುಗಳಿಗೆ ಕುಡಿಸಿದ್ದೆವು. ಅಮ್ಮ ನನಗೆ ಬಟ್ಟೆ ಒಗೆಯಲು ಕಲಿಸುವಾಗ ಹೇಳಿದ ಮೊದಲ ಮಾತು, ಹಿಂಡದೆ ಹಗ್ಗಕ್ಕೆ ಹಾಕಬೇಡ ಎಂದು. ಮಲೆನಾಡಿನ ಆಷಾಢದಲ್ಲಿ ಹಿಂಡದೆ ಹಾಕಿದ ಸೀರೆ ನಾಲ್ಕು ದಿನಕ್ಕೂ ಒಣಗದು. ನನಗೆ ಗೊತ್ತಿದ್ದ ಮಾತೇ. ಷೆಡ್ಡಿನ ಬಾಗಿಲವರೆಗೆ ಅದನ್ನು ತರಲಿಲ್ಲ, ಅಷ್ಟೇ.

ಇನ್ನೊಂದು ಪ್ರಶ್ನೆ ಉಳಿದಿತ್ತು: ಎಷ್ಟು ಒಣಗಬೇಕು? ಹುಡುಗಿ "ಡ್ಯೂ ಪಾಯಿಂಟ್" ಎಂದಳು; ಕನ್ನಡದಲ್ಲಿ ಏನೆಂದು ಕೇಳಿದಳು. "ಇಬ್ಬನಿ ಬಿಂದು" ಎಂದೆ. ಇಬ್ಬನಿ ಎಂದರೇನು ಎಂದಳು! ಚೆನ್ನೈಯಲ್ಲಿ ಹುಟ್ಟಿದ ಮಗುವಿಗೆ ಇಬ್ಬನಿ ಎಲ್ಲಿಂದ ಗೊತ್ತಾಗಬೇಕು? ನಮ್ಮೂರಲ್ಲಿ ಮಾರ್ಗಶಿರದ ಬೆಳಗ್ಗೆ ಹುಲ್ಲಿನ ತುದಿಯಲ್ಲಿ ನಿಲ್ಲುವ ಹನಿ, ಗಾಳಿ ತಣ್ಣಗಾಗಿ ತನ್ನ ತೇವವನ್ನು ಹೊರಲಾರದೆ ಕೆಳಗಿಟ್ಟದ್ದು, ಎಂದು ಹೇಳಿದೆ. "ಹಾಗಾದ್ರೆ ಸರಿ ಅತ್ತೆ, ಅದೇ," ಎಂದು ಅವಳು ಮುಂದುವರಿಸಿದಳು: ಪೈಪು ಎಷ್ಟು ತಣ್ಣಗಾಗಬಹುದೋ ಅದಕ್ಕಿಂತ ಸ್ವಲ್ಪ ಕೆಳಗೆ ಇಬ್ಬನಿ ಬಿಂದು ಇದ್ದರೆ ಪೈಪಿನಲ್ಲಿ ಹನಿ ಮೂಡದು. ಫ್ರಿಜ್ಜಿನಂಥ ಡ್ರೈಯರ್ 3 ಡಿಗ್ರಿವರೆಗೆ ಒಣಗಿಸುತ್ತದೆ. ಅಂಬತ್ತೂರಿನ ಷೆಡ್ಡು ಮಾರ್ಗಳಿಯ ನಸುಕಿನಲ್ಲೂ ಇಪ್ಪತ್ತರ ಆಸುಪಾಸು. ನಾವು ಕೊಂಡದ್ದು ಸೊನ್ನೆಗಿಂತ 40 ಡಿಗ್ರಿ ಕೆಳಗಿನದು. "ಮಾವ ಸಿಯಾಚಿನ್‌ನಲ್ಲಿ ಬ್ರಾಂಚ್ ಓಪನ್ ಮಾಡ್ತಾರಾ?" ಎಂದು ಹುಡುಗಿ ಕೇಳಿದ್ದು ದುರದೃಷ್ಟವಶಾತ್ ಬಾಗಿಲಲ್ಲಿ ನಿಂತಿದ್ದ ಮಾವನಿಗೇ ಕೇಳಿಸಿತು.

ಅವರು ಎರಡು ದಿನ ಮಾತಾಡಲಿಲ್ಲ. ನಾನೂ ಕೆಣಕಲಿಲ್ಲ. ಒಳ್ಳೆಯದನ್ನೇ ತನ್ನಿ ಎಂದವಳು ನಾನಲ್ಲವೇ? ದುಬಾರಿಯಾದದ್ದೇ ಒಳ್ಳೆಯದು ಎಂಬ ಎಣಿಕೆ ಟಿ. ನಗರದಲ್ಲಿ ಇಪ್ಪತ್ತು ವರ್ಷ ಅಂಗಡಿ ಸಾಲಿನ ನಡುವೆ ಬದುಕಿದವಳಿಗೆ ಹೇಗೋ ಅಂಟಿಕೊಂಡಿತ್ತು. ಮೂರನೆಯ ದಿನ ಅವರೇ ಕಾಫಿ ಲೋಟ ಕೆಳಗಿಟ್ಟು, "ಭಾನುವಾರ ಅವಳನ್ನು ಕರೆ, ಸೋರಿಕೆಯನ್ನೂ ನೋಡಿಬಿಡೋಣ" ಎಂದರು.

ಆ ಭಾನುವಾರ ಮರೆಯಲಾರೆ. ಉಪಕರಣಗಳನ್ನೆಲ್ಲ ಮುಚ್ಚಿ ಕಂಪ್ರೆಸರ್ ಒಂದನ್ನೇ ಓಡಿಸಿದೆವು. ಯಾರೂ ಗಾಳಿ ಬಳಸದಿದ್ದರೆ ಅದು ಒಮ್ಮೆ ತುಂಬಿದ ಮೇಲೆ ಸುಮ್ಮನಿರಬೇಕು. ನಮ್ಮದು ಎರಡು ನಿಮಿಷ ದುಡಿದು ಆರು ನಿಮಿಷ ಸುಮ್ಮನಿದ್ದು ಮತ್ತೆ ದುಡಿಯಿತು. ಎಂಟರಲ್ಲಿ ಎರಡು, ಅಂದರೆ ಕಾಲು ಪಾಲು ಗಾಳಿ ಸೋರುತ್ತಿದೆ. ನಾನೂ ಮೇಸ್ತ್ರಿಯೂ ಸೋಪಿನ ನೀರು, ಬಣ್ಣದ ಕುಂಚ ಹಿಡಿದು ಪೈಪಿನ ಕೀಲುಕೀಲಿಗೂ ಸವರಿದೆವು. ಗುಳ್ಳೆ ಎದ್ದಲ್ಲೆಲ್ಲ ಸೀಮೆಸುಣ್ಣದ ಗುರುತು. ಮೂವತ್ತೊಂದು ಗುರುತು. ಕಂಪ್ರೆಸರಿನ ಒತ್ತಡವನ್ನೂ ಎಂಟರಿಂದ ಏಳು ಬಾರ್‌ಗೆ ಇಳಿಸಿದರು. ಅಷ್ಟರಲ್ಲೇ ನೂರಕ್ಕೆ ಆರೇಳು ಪಾಲು ಕರೆಂಟು ಉಳಿಯುತ್ತದಂತೆ. ಕೂಲರು ತೊಳೆದರು. ಹೊತ್ತು ನೋಡಿ ಅಲ್ಲ, ನೀರು ತುಂಬಿದಾಗ ಮಾತ್ರ ತೆರೆದುಕೊಂಡು ಗಾಳಿ ಬಿಡದೆ ಮುಚ್ಚಿಕೊಳ್ಳುವ ಕವಾಟ ಹಾಕಿದರು. ಗೋಪುರದ ಡ್ರೈಯರನ್ನು ಎಲೆಕ್ಟ್ರಾನಿಕ್ ಬಿಡಿಭಾಗ ಮಾಡುವವರೊಬ್ಬರು ಅರ್ಧ ಬೆಲೆಗೆ ಕೊಂಡರು. ಅಂಥವರಿಗೆ, ಔಷಧ ಮಾಡುವವರಿಗೆ, ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಗಳ ಉಪಕರಣಗಳಿಗೆ ಅಷ್ಟು ಒಣಗಾಳಿ ನಿಜವಾಗಿಯೂ ಬೇಕು; ಯಂತ್ರದ ತಪ್ಪೇನೂ ಇರಲಿಲ್ಲ. ಅವರು ಕೊಂಡ ಮೇಲೆ ಅದಕ್ಕೆ ಇಬ್ಬನಿ ಬಿಂದು ಅಳೆಯುವ ಸಾಧನ ಜೋಡಿಸಿ, ಗುಂಡು ಒದ್ದೆಯಾದಾಗ ಮಾತ್ರ ಪಾಳಿ ಬದಲಿಸುವಂತೆ ಮಾಡಿಕೊಂಡರೆಂದು ಕೇಳಿದೆ. ಬಟ್ಟೆ ಮುಟ್ಟಿ ನೋಡಿ ತೆಗೆಯುವ ಬುದ್ಧಿ! ನಮಗೆ ಬಂದ ಹಣದಲ್ಲಿ ಫ್ರಿಜ್ಜಿನಂಥ ಡ್ರೈಯರ್ ಬಂತು.

ದೀಪಾವಳಿಗೆ ಮೇಸ್ತ್ರಿ ಬೋನಸ್ ತೆಗೆದುಕೊಂಡ, ಬೇರೆ ಕಡೆ ನೋಡಿಕೊಳ್ಳಲಿಲ್ಲ. ಕರೆಂಟಿನ ತೊಂದರೆ ಎಲ್ಲಾ ಮುಗಿಯಿತು ಎಂದಲ್ಲ, ಡೀಸೆಲ್ ಖರ್ಚು ಇನ್ನೂ ಕೆಲವು ಕಾಲ ನಮ್ಮನ್ನು ಕಾಡಿತು. ಬಳೆಗಳು ಮನೆಗೆ ಬಂದದ್ದು 2014ರಲ್ಲಿ. ಅವನ ಮಗಳು ಈಗ ಹೊಸೂರಿನಲ್ಲಿ ನರ್ಸ್.

ನಾದಿನಿಯ ಮಗಳು ಪುಣೆಯಲ್ಲಿದ್ದಾಳೆ. ದೊಡ್ಡ ಕಾರ್ಖಾನೆಗಳ ಡ್ರೈಯರ್‌ಗಳೇ ಅವಳ ಕೆಲಸ. ಹೋದ ವರ್ಷ ಬಂದಾಗ ಆ ಹಳೆಯ ಕೋಷ್ಟಕದ ಕೊನೆಯ ಸಾಲು ತೋರಿಸಿದಳು. ನಮ್ಮ ಗೋಪುರದಷ್ಟೇ ಗಾಳಿ ಒಣಗಿಸಿ, 20.7ರ ಬದಲು ಬರೀ 0.8 ಕಿಲೋವ್ಯಾಟ್ ತಿನ್ನುವ ಬಗೆಯೊಂದಿದೆ. ಗಾಳಿಯನ್ನು ತುರುಕುವಾಗ ಹುಟ್ಟುವ ಬಿಸಿಯನ್ನು ಹಾಳುಮಾಡದೆ, ಆ ಬಿಸಿಗಾಳಿಯನ್ನೇ ಮೊದಲು ಒದ್ದೆ ಗುಂಡುಗಳ ನಡುವೆ ಹಾಯಿಸಿ ಅವನ್ನು ಒಣಗಿಸುವುದು, ಆಮೇಲೆ ತಣಿಸಿ, ನೀರಿಳಿಸಿ, ಇನ್ನೊಂದು ಗೋಪುರಕ್ಕೆ ಕಳಿಸುವುದು. ಸಾಮಾನ್ಯವಾಗಿ ಎಣ್ಣೆ ಬಳಸದ ದೊಡ್ಡ ಕಂಪ್ರೆಸರ್‌ಗಳಿಗೆ ಮಾತ್ರ ಹೊಂದುವ ಉಪಾಯ, ನಮ್ಮಂಥ ಸಣ್ಣ ಷೆಡ್ಡಿಗಲ್ಲ. ಅವಳು ಚಿತ್ರ ಬರೆದು ವಿವರಿಸುತ್ತಿದ್ದರೆ ನನಗೆ ಕಂಡದ್ದು ತವರಿನ ಬಚ್ಚಲುಮನೆ. ಅಲ್ಲಿ ಸ್ನಾನದ ನೀರು ಕಾಯಿಸುವ ಒಲೆ. ಒಲೆಯ ಮೇಲ್ಗಡೆ ಬಿದಿರಿನ ಗಳು. ಮಳೆಗಾಲದಲ್ಲಿ ಮನೆಮಂದಿಯ ಬಟ್ಟೆಯೆಲ್ಲ ಆ ಗಳುವಿನ ಮೇಲೆ. ಬಟ್ಟೆಗೆಂದು ಒಂದು ಕಡ್ಡಿಯನ್ನೂ ಯಾರೂ ಉರಿಸುತ್ತಿರಲಿಲ್ಲ. ಹೇಗೂ ಉರಿಯುವ ಒಲೆ, ಹೇಗೂ ಮೇಲೇರುವ ಬಿಸಿ. ಬಟ್ಟೆಗೆ ಹೊಗೆಯ ವಾಸನೆ ಹತ್ತುತ್ತಿತ್ತು. ಶಾಲೆಯಲ್ಲಿ ಎಲ್ಲರ ಬಟ್ಟೆಯೂ ಹಾಗೇ ಇದ್ದದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇದನ್ನು ಹೇಳಿದಾಗ ಅವಳು ಚಿತ್ರದ ಪಕ್ಕದಲ್ಲಿ, ತಾನೇ ಕಲಿತ ಅಂಕುಡೊಂಕು ಅಕ್ಷರದಲ್ಲಿ, "ಬಚ್ಚಲು ಒಲೆ" ಎಂದು ಕನ್ನಡದಲ್ಲಿ ಬರೆದಳು. ಚ-ಕ್ಕೆ ಒತ್ತು ಹಾಕಲು ಮರೆತಿದ್ದಳು. ನಾನು ತಿದ್ದಿದೆ.

ಗೋಪುರದ ಡ್ರೈಯರ್ ಮಾರುವಾಗ, ಬದಲಿಗೆಂದು ತರಿಸಿಟ್ಟಿದ್ದ ಬಿಳಿ ಗುಂಡುಗಳ ಒಂದು ಚೀಲ ನಮ್ಮಲ್ಲೇ ಉಳಿಯಿತು. ಹಿಡಿಯಷ್ಟು ತೆಗೆದು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ನನ್ನ ಕನ್ನಡ ಪುಸ್ತಕಗಳ ಟ್ರಂಕಿನಲ್ಲಿ ಇಟ್ಟಿದ್ದೇನೆ. ಟಿ. ನಗರದ ಗಾಳಿಗೆ ಪುಟಗಳು ಬೂಷ್ಟು ಹಿಡಿಯುವುದು ಕಡಿಮೆಯಾಗಿದೆ. ಮಳೆಗಾಲ ಮುಗಿದ ಮೇಲೆ ಗಂಟು ಬಿಚ್ಚಿ, ಅದಕ್ಕೆಂದೇ ಇಟ್ಟ ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿದು, ತಣಿಸಿ, ಮತ್ತೆ ಕಟ್ಟಿಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಬೇಕಿದ್ದರೆ ಮನೆಗೆ ಬನ್ನಿ, ಚೀಲದಲ್ಲಿ ಇನ್ನೂ ಬೇಕಾದಷ್ಟಿದೆ. ಪುಸ್ತಕ ಬೇಕಿದ್ದರೂ ಬನ್ನಿ.